‘ಲಿಂಕ್ ಅಮಾನ್ಯವಾಗಿದೆ’: ಖಾತೆ ಸಕ್ರಿಯಗೊಳಿಸುವ ಇಮೇಲ್‌ನ ದುರಸ್ತಿ ದಿನಚರಿ

ಪುಸ್ತಕಗಳನ್ನು ಎರವಲು ಕೊಡುವ ಒಂದು ಪುಟ್ಟ ಓದುಗರ ಬಳಗಕ್ಕಾಗಿ ನಾನು ಬರೆದ ವೆಬ್ ಅಪ್ಲಿಕೇಶನ್ ಒಂದಿದೆ. ಪೈಥಾನ್‌ನಲ್ಲಿ ಬರೆದದ್ದು. ಡೇಟಾಬೇಸ್ ಪೋಸ್ಟ್‌ಗ್ರೆಸ್, ಇಮೇಲ್ ಕಳಿಸಲು ನಮ್ಮದೇ ಒಂದು ಸರ್ವರ್. ಹೊಸ ಓದುಗರು ಹೆಸರು ಮತ್ತು ಇಮೇಲ್ ವಿಳಾಸ ಕೊಟ್ಟು ನೋಂದಾಯಿಸಿಕೊಂಡರೆ ಆ ವಿಳಾಸಕ್ಕೆ ಒಂದು ಲಿಂಕ್ ಹೋಗುತ್ತದೆ. ಅದನ್ನು ಒತ್ತಿದರೆ ಖಾತೆ ಸಕ್ರಿಯವಾಗುತ್ತದೆ, ಪುಸ್ತಕ ಕಾದಿರಿಸಬಹುದು.

ಕಳೆದ ತಿಂಗಳು ಒಬ್ಬ ಹಿರಿಯ ಓದುಗರಿಂದ ಪತ್ರ ಬಂತು. ಒಂದೇ ಬೆಳಿಗ್ಗೆ ಆರು ಸಲ ಲಿಂಕ್ ತರಿಸಿಕೊಂಡಿದ್ದರು. ಆರು ಸಲವೂ ‘ಈ ಲಿಂಕ್ ಅಮಾನ್ಯವಾಗಿದೆ ಅಥವಾ ಅವಧಿ ಮೀರಿದೆ’ ಎಂಬ ಪುಟವೇ ಎದುರಾಗಿತ್ತು. ತಾವೇ ಎಲ್ಲೋ ತಪ್ಪು ಒತ್ತುತ್ತಿರಬೇಕು, ತೊಂದರೆ ಕೊಟ್ಟದ್ದಕ್ಕೆ ಕ್ಷಮೆಯಿರಲಿ ಎಂದು ಬರೆದಿದ್ದರು. ಓದಿ ಬಹಳ ಬೇಸರವಾಯಿತು. ಕೆಟ್ಟದ್ದು ನಮ್ಮ ಮನೆಯ ಬಾಗಿಲು, ಕ್ಷಮೆ ಕೇಳುತ್ತಿರುವವರು ಹೊರಗೆ ನಿಂತವರು.

ಡೇಟಾಬೇಸ್ ತೆರೆದು ಎಣಿಸಿದೆ. ಹಿಂದಿನ ಮೂರು ವಾರಗಳಲ್ಲಿ ನೋಂದಾಯಿಸಿಕೊಂಡವರಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಸಕ್ರಿಯರಾಗಿರಲೇ ಇಲ್ಲ. ದೂರು ಬಂದದ್ದು ಒಂದೇ ಒಂದು. ಉಳಿದವರು ಏನೂ ಹೇಳದೆ ಹೊರಟುಹೋಗಿದ್ದರು.

ಮೊದಲ ದಿನ

ಮೂರು ವಾರಗಳ ಹಿಂದೆ ಏನು ಬದಲಾಯಿತು ಎಂಬುದು ನನಗೆ ಗೊತ್ತಿತ್ತು, ಏಕೆಂದರೆ ಬದಲಿಸಿದವನು ನಾನೇ. ಪ್ರತಿ ಲಿಂಕ್‌ನಲ್ಲೂ ಟೋಕನ್ ಎಂಬ, ಆ ಓದುಗರಿಗಷ್ಟೇ ಸಲ್ಲುವ ಗುಪ್ತ ಗುರುತು ಇರುತ್ತದೆ. ಬದಲಾವಣೆಗೂ ಮೊದಲು ಟೋಕನ್ ಎಂದರೆ 32 ಯಾದೃಚ್ಛಿಕ ಬೈಟ್‌ಗಳನ್ನು ಹೆಕ್ಸಾಡೆಸಿಮಲ್‌ನಲ್ಲಿ (ಹತ್ತು ಅಂಕೆ ಮತ್ತು ‘ಎ’ಯಿಂದ ‘ಎಫ್’ವರೆಗಿನ ಅಕ್ಷರಗಳಲ್ಲಿ) ಬರೆದ 64 ಅಕ್ಷರಗಳು. ಅವು ವಿಳಾಸದ ಹಾದಿಯಲ್ಲೇ, ಎರಡು ಓರೆಗೆರೆಗಳ ನಡುವೆ ಕೂರುತ್ತಿದ್ದವು. ಲಿಂಕ್ ತೀರಾ ಉದ್ದವಾಗಿ ಕೆಲವರ ಇಮೇಲ್‌ನಲ್ಲಿ ಎರಡು ಸಾಲಿಗೆ ಒಡೆಯುತ್ತದೆ ಎಂಬ ಮಾತು ಬಂದಿತ್ತು. ಅದಕ್ಕಾಗಿ ಅದೇ 32 ಬೈಟ್‌ಗಳನ್ನು ಬೇಸ್64 ರೂಪದಲ್ಲಿ, ಅಂದರೆ 64 ಚಿಹ್ನೆಗಳ ಅಕ್ಷರಮಾಲೆಯಲ್ಲಿ, ಬರೆಯತೊಡಗಿದೆ. ಉದ್ದ ಸರಿಹೊಂದಿಸಲು ಕೊನೆಗೆ ಬರುವ ಸಮ ಚಿಹ್ನೆಯನ್ನು (=) ತೆಗೆದರೆ 43 ಅಕ್ಷರಗಳಲ್ಲಿ ಮುಗಿಯಿತು. ಬೇಸ್64 ಅಕ್ಷರಮಾಲೆಯಲ್ಲಿ ಓರೆಗೆರೆಯೂ ಇರುವುದರಿಂದ ವಿಳಾಸದ ಹಾದಿಯಲ್ಲಿ ಅದನ್ನು ಇಡುವಂತಿರಲಿಲ್ಲ. ಹಾಗಾಗಿ ಪ್ರಶ್ನಾರ್ಥಕ ಚಿಹ್ನೆಯ ಆಚೆಗೆ, ‘ಟಿ=’ ಎಂಬುದರ ಮುಂದೆ ಟೋಕನ್ ಕೂರಿಸಿದೆ. ನನ್ನ ಖಾತೆಯಲ್ಲಿ ಎರಡು ಸಲ ಪರೀಕ್ಷಿಸಿದೆ, ಎರಡೂ ಸಲ ಕೆಲಸ ಮಾಡಿತು. ಸಮಾಧಾನದಿಂದ ಮಲಗಿದೆ.

ಆ ಬದಲಾವಣೆಯನ್ನು ಹಿಂದಕ್ಕೆ ತೆಗೆದುಬಿಡುವುದು ಸುಲಭವಿತ್ತು, ಕೈ ಅದಕ್ಕೇ ಹೋಯಿತು ಕೂಡ. ಆದರೆ ಹಳೆಯ ದಾಖಲೆಗಳನ್ನು ನೋಡಿದಾಗ ಬದಲಾವಣೆಗೆ ಮುಂಚೆಯೂ ಒಂದಷ್ಟು ಮಂದಿ ಬಾಗಿಲಲ್ಲೇ ಉಳಿದಿದ್ದರು. ಹೊಸ ಗಾಯದ ಕೆಳಗೆ ಹಳೆಯದೂ ಇತ್ತು. ಹಿಂದಕ್ಕೆ ಹೋದರೆ ಅದು ಮತ್ತೆ ಮುಚ್ಚಿಹೋಗುತ್ತಿತ್ತು.

ದೊಡ್ಡ ಅಡಚಣೆ ಆ ದೋಷದ ಪುಟವೇ. ಟೋಕನ್ ಇಲ್ಲದಿದ್ದರೂ, ಅರ್ಧ ತುಂಡಾಗಿದ್ದರೂ, ಒಮ್ಮೆ ಬಳಸಿ ಆಗಿದ್ದರೂ, ಸಮಯ ಮೀರಿದ್ದರೂ ಒಂದೇ ಮಾತು. ಬಳಸಿದ ಟೋಕನ್‌ನ ಸಾಲನ್ನು ನನ್ನ ಕೋಡ್ ಡೇಟಾಬೇಸ್‌ನಿಂದ ಅಳಿಸಿಯೇ ಬಿಡುತ್ತಿತ್ತು. ಹಾಗಾಗಿ ‘ಬಳಸಿ ಆಗಿದೆ’ ಮತ್ತು ‘ಎಂದೂ ಇರಲೇ ಇಲ್ಲ’ ಎಂಬ ಎರಡರ ನಡುವೆ ವ್ಯತ್ಯಾಸ ಹೇಳಲು ನನಗೇ ಆಗುತ್ತಿರಲಿಲ್ಲ. ಮೊದಲ ದಿನವಿಡೀ ದುರಸ್ತಿ ಏನೂ ಮಾಡಲಿಲ್ಲ, ನೋಡಲು ಕಣ್ಣು ಮಾಡಿಕೊಂಡೆ. ಸಾಲನ್ನು ಅಳಿಸುವ ಬದಲು ‘ಬಳಸಿದ ಸಮಯ’, ‘ರದ್ದಾದ ಸಮಯ’ ಎಂಬ ಎರಡು ಕಾಲಂ ಸೇರಿಸಿದೆ. ಸೋಲುವ ಪ್ರತಿಯೊಂದು ದಾರಿಗೂ ಲಾಗ್‌ನಲ್ಲಿ, ಅಂದರೆ ನಡೆದದ್ದನ್ನು ಬರೆದಿಡುವ ಕಡತದಲ್ಲಿ, ಬೇರೆ ಬೇರೆ ಹೆಸರು ಕೊಟ್ಟೆ.

ಜೊತೆಗೆ ಬೆರಳಚ್ಚು. ಈ ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಯೋಗಕ್ಕೆ ಬಂದದ್ದು ಇದೇ. ಟೋಕನ್ ಎಂದರೆ ಒಂದು ಬಗೆಯ ತಾತ್ಕಾಲಿಕ ಕೀಲಿಕೈ. ಅದನ್ನು ಇದ್ದಂತೆಯೇ ಲಾಗ್‌ಗೆ ಬರೆಯಬಾರದು, ಲಾಗ್ ಓದಬಲ್ಲ ಯಾರಾದರೂ ಇನ್ನೊಬ್ಬರ ಖಾತೆ ತೆರೆದುಬಿಡುತ್ತಾರೆ. ಆದರೆ ಟೋಕನ್‌ನ ಎಸ್‌ಎಚ್‌ಎ-256 ಹ್ಯಾಶ್ (ಹಿಂದಕ್ಕೆ ತಿರುಗಿಸಲಾಗದ ಗಣಿತದ ಸಾರ) ತೆಗೆದು ಅದರ ಮೊದಲ 8 ಅಕ್ಷರಗಳನ್ನು ಬರೆದರೆ ಅಪಾಯವಿಲ್ಲ. ಅದರಿಂದ ಟೋಕನ್ ಹಿಂದಕ್ಕೆ ಸಿಗುವುದಿಲ್ಲ, ಆದರೆ ಒಂದು ಟೋಕನ್ನನ್ನು ಇನ್ನೊಂದರಿಂದ ಬೇರ್ಪಡಿಸಲು ಸಾಕು. ಬೆರಳಚ್ಚು ಎಂದದ್ದು ಆ 8 ಅಕ್ಷರಗಳನ್ನೇ. ಅವನ್ನು ನಾಲ್ಕು ಕಡೆ ಬರೆಸಿದೆ: ಟೋಕನ್ ಹುಟ್ಟಿದಾಗ, ಇಮೇಲ್ ಕಟ್ಟಿದಾಗ, ಇಮೇಲ್ ಸರ್ವರ್‌ಗೆ ಒಪ್ಪಿಸಿದಾಗ, ಓದುಗರು ಲಿಂಕ್ ಒತ್ತಿ ಅದು ನಮಗೆ ಮರಳಿದಾಗ. ಮರಳಿದ ಬೆರಳಚ್ಚು ಕಳಿಸಿದವುಗಳ ಪಟ್ಟಿಯಲ್ಲಿ ಇಲ್ಲವೆಂದರೆ ದಾರಿಯಲ್ಲಿ ಅಕ್ಷರ ಕೆಟ್ಟಿದೆ. ಪಟ್ಟಿಯಲ್ಲಿದ್ದೂ ಡೇಟಾಬೇಸ್‌ನಲ್ಲಿ ಇಲ್ಲವೆಂದರೆ ತಪ್ಪು ನಮ್ಮ ಮನೆಯೊಳಗೇ ನಡೆದಿದೆ. ಎರಡರಲ್ಲೂ ಇದ್ದರೆ ಅಕ್ಷರಗಳೆಲ್ಲ ಸರಿ, ಸಮಯ ಅಥವಾ ಕ್ರಮದಲ್ಲಿ ಎಡವಟ್ಟಿದೆ.

ಹುಟ್ಟುವ ಪ್ರತಿ ಟೋಕನ್‌ನ ಉದ್ದ 43 ಎಂದು ಗೊತ್ತಿರುವುದರಿಂದ, ಬಂದ ಟೋಕನ್‌ನ ಉದ್ದವನ್ನೂ ಅದರಲ್ಲಿ ಅಕ್ಷರಮಾಲೆಗೆ ಸೇರದ ಚಿಹ್ನೆ ಇದೆಯೇ ಎಂಬುದನ್ನೂ ಬರೆಸಿದೆ.

ಇಮೇಲ್ ತಲುಪುತ್ತಲೇ ಇಲ್ಲವೇನೋ ಎಂಬ ಶಂಕೆಯನ್ನು ಬೇಗ ಬಗೆಹರಿಸಿಕೊಂಡೆ. ಬಂದ ಇಮೇಲ್‌ನ ಶಿರೋಭಾಗದಲ್ಲಿ ಕಳಿಸಿದವರು ನಿಜವಾದವರೇ ಎಂದು ನೋಡುವ ಎಸ್‌ಪಿಎಫ್, ಡಿಕಿಮ್ ಎಂಬ ಎರಡೂ ತಪಾಸಣೆಗಳಲ್ಲಿ ತೇರ್ಗಡೆ. ಸರ್ವರ್ ಗಡಿಯಾರಗಳ ಮೇಲಿನ ಅನುಮಾನಕ್ಕೆ ಮಾತ್ರ ಅರ್ಧ ದಿನ ಹೋಯಿತು. ಅವಧಿಯನ್ನು ಸ್ಥಳೀಯ ಸಮಯದಲ್ಲಿ ಬರೆದು ಯುಟಿಸಿಯಲ್ಲಿ (ಜಾಗತಿಕ ಪ್ರಮಾಣ ಸಮಯದಲ್ಲಿ) ಹೋಲಿಸುವ ತಪ್ಪು ಬಹಳ ಸಾಮಾನ್ಯ, ನಾನೂ ಹಿಂದೆ ಮಾಡಿದ್ದೇನೆ. ಈ ಸಲ ಎಲ್ಲವೂ ಯುಟಿಸಿಯಲ್ಲೇ ಇತ್ತು.

ಎರಡನೆಯ ದಿನ: ಪ್ಲಸ್ ಚಿಹ್ನೆ

ಬೆಳಿಗ್ಗೆ ಲಾಗ್ ತೆರೆದಾಗ ಮೊದಲ ತಪ್ಪು ತಾನಾಗಿಯೇ ಎದ್ದು ಕಾಣುತ್ತಿತ್ತು. ಸೋತ ಟೋಕನ್‌ಗಳಲ್ಲಿ ಬಹುಪಾಲು 43 ಅಕ್ಷರಗಳೇ, ಉದ್ದದಲ್ಲಿ ಲೋಪವಿಲ್ಲ. ಆದರೆ ಒಂದೊಂದರಲ್ಲೂ ಒಂದೋ ಎರಡೋ ಖಾಲಿ ಜಾಗ. ಬೇಸ್64ರ 64 ಅಕ್ಷರಗಳಲ್ಲಿ ಖಾಲಿ ಜಾಗ ಎಂಬುದಿಲ್ಲ, ಪ್ಲಸ್ ಚಿಹ್ನೆ ಇದೆ. ವೆಬ್ ವಿಳಾಸದ ಪ್ರಶ್ನಾರ್ಥಕ ಚಿಹ್ನೆಯ ಆಚೆಗಿನ ಭಾಗವನ್ನು ಫಾರ್ಮ್‌ಗಳ ನಿಯಮದಂತೆ ಓದುವಾಗ ಪ್ಲಸ್ ಎಂದರೆ ಖಾಲಿ ಜಾಗ ಎಂದೇ ಅರ್ಥ. ನಾನು ಪ್ಲಸ್ ಕಳಿಸಿದೆ, ನನ್ನದೇ ಸರ್ವರ್ ಅದನ್ನು ಖಾಲಿ ಜಾಗವಾಗಿ ಓದಿಕೊಂಡಿತು.

ಎಷ್ಟು ಮಂದಿಗೆ ಹೀಗಾಗುತ್ತದೆ ಎಂದು ಲೆಕ್ಕ ಹಾಕಿದೆ. 32 ಬೈಟ್ ಎಂದರೆ 256 ಬಿಟ್. ಪ್ರತಿ ಅಕ್ಷರ 6 ಬಿಟ್ ಹೊರುತ್ತದೆ, ಹಾಗಾಗಿ 42 ಅಕ್ಷರಗಳಲ್ಲಿ 252 ಬಿಟ್ ಮುಗಿದು ಕೊನೆಯ ಅಕ್ಷರಕ್ಕೆ 4 ಬಿಟ್ ಉಳಿಯುತ್ತವೆ. ಆ ಕೊನೆಯ ಜಾಗಕ್ಕೆ ಪ್ಲಸ್ ಬರುವುದೇ ಸಾಧ್ಯವಿಲ್ಲ. ಉಳಿದ 42 ಜಾಗಗಳಲ್ಲಿ ಎಲ್ಲಿಯೂ ಪ್ಲಸ್ ಇಲ್ಲದಿರುವ ಸಂಭವ 63/64ರ 42ನೆಯ ಘಾತ, ಅಂದರೆ ಸುಮಾರು ಶೇಕಡಾ 52. ನೂರಕ್ಕೆ 48 ಲಿಂಕ್‌ಗಳು ಹುಟ್ಟುವಾಗಲೇ ಸತ್ತಿದ್ದವು. ನನ್ನ ಎರಡು ಪರೀಕ್ಷೆಗಳೂ ಗೆದ್ದದ್ದು ನಾಣ್ಯ ಎರಡು ಸಲ ಒಂದೇ ಮುಖವಾಗಿ ಬಿದ್ದಂತೆ. ಯಾದೃಚ್ಛಿಕವಾದದ್ದನ್ನು ಎರಡು ಸಲ ಪರೀಕ್ಷಿಸಿದರೆ ಅದು ಪರೀಕ್ಷೆಯೇ ಅಲ್ಲ ಎಂಬುದನ್ನು ಆಗಲೇ ಯೋಚಿಸಬೇಕಿತ್ತು.

ಪರಿಹಾರ ಸಿದ್ಧವಾಗಿಯೇ ಇದೆ. 2006ರ ಆರ್‌ಎಫ್‌ಸಿ 4648 (ಆರ್‌ಎಫ್‌ಸಿ ಎಂದರೆ ಅಂತರಜಾಲದ ಮಾನಕಗಳನ್ನು ಬರೆದಿಡುವ ದಾಖಲೆ) ವಿಳಾಸಗಳಿಗೆಂದೇ ಬೇಸ್64ರ ಇನ್ನೊಂದು ಅಕ್ಷರಮಾಲೆಯನ್ನು ಹೇಳುತ್ತದೆ. ಅದರಲ್ಲಿ ಪ್ಲಸ್ ಬದಲಿಗೆ ಅಡ್ಡಗೆರೆ, ಓರೆಗೆರೆ ಬದಲಿಗೆ ಅಡಿಗೆರೆ. ಪೈಥಾನ್ 3.6ರಿಂದ ಇರುವ ‘ಸೀಕ್ರೆಟ್ಸ್’ ಮಾಡ್ಯೂಲ್‌ನಲ್ಲಿ ಇದಕ್ಕೆ ಒಂದೇ ಕರೆ ಸಾಕು: ‘ಟೋಕನ್_ಯುಆರ್‌ಎಲ್‌ಸೇಫ್’ ಎಂದು 32 ಬೈಟ್ ಕೇಳಿದರೆ 43 ಅಕ್ಷರ ಕೊಡುತ್ತದೆ. ಇಲ್ಲೊಂದು ಚಿಕ್ಕ ಲಾಭವೂ ಇದೆ. ಇಮೇಲ್ ಓದುವ ಕೆಲವು ತಂತ್ರಾಂಶಗಳು ಸರಳ ಪಠ್ಯದಲ್ಲಿ ಲಿಂಕ್ ಗುರುತಿಸುವಾಗ ಕೊನೆಯ ಅಕ್ಷರ ಪೂರ್ಣವಿರಾಮದಂಥದ್ದು ಅಥವಾ ಅಡ್ಡಗೆರೆ ಆಗಿದ್ದರೆ ಅದನ್ನು ಲಿಂಕ್‌ನ ಹೊರಗೆ ಬಿಡುತ್ತವೆ. 32 ಬೈಟ್‌ನ ಟೋಕನ್ ಕೊನೆಯಲ್ಲಿ 4 ಬಿಟ್ ಮಾತ್ರ ಹೊರುವುದರಿಂದ ಅದು ಅಡ್ಡಗೆರೆಯಲ್ಲಾಗಲಿ ಅಡಿಗೆರೆಯಲ್ಲಾಗಲಿ ಎಂದೂ ಮುಗಿಯುವುದಿಲ್ಲ. 24 ಬೈಟ್ ಆರಿಸಿಕೊಂಡಿದ್ದರೆ ಸರಿಯಾಗಿ 32 ಅಕ್ಷರಗಳಾಗಿ, ಆ ಅಪಾಯ ಉಳಿಯುತ್ತಿತ್ತು.

ಬದಲಾವಣೆಯನ್ನು ಸರ್ವರ್‌ಗೆ ಹಾಕಿದೆ. ಲಿಂಕ್‌ನ ಅವಧಿ ಮೂವತ್ತೇ ನಿಮಿಷವಾದ್ದರಿಂದ ಈಗಾಗಲೇ ಹೊರಟ ಹಳೆಯ ಟೋಕನ್‌ಗಳ ಚಿಂತೆಯಿರಲಿಲ್ಲ. ಸಂಜೆಯ ಹೊತ್ತಿಗೆ ಖಾಲಿ ಜಾಗವಿರುವ ಟೋಕನ್ ಒಂದೂ ಬರಲಿಲ್ಲ. ಪತ್ರ ಬರೆದ ಹಿರಿಯರಿಗೆ ಉತ್ತರಿಸಿ, ಇನ್ನೊಮ್ಮೆ ಪ್ರಯತ್ನಿಸುವಂತೆ ಕೇಳಿಕೊಂಡೆ.

ಮರುದಿನ ಅವರ ಉತ್ತರ ಬಂತು. ಆಗಲಿಲ್ಲ.

ಮೂರನೆಯ ದಿನ: ಸಮ ಚಿಹ್ನೆ

ಲಾಗ್‌ನಲ್ಲಿ ಈಗ ಇನ್ನೊಂದು ಹೆಸರು ಮುಂದೆ ಬಂದಿತ್ತು: ‘ಟೋಕನ್ ಇಲ್ಲ’. ಲಿಂಕ್ ಬಂದಿದೆ, ಪುಟ ಸರಿಯಿದೆ, ಆದರೆ ‘ಟಿ’ ಎಂಬ ಹೆಸರಿನ ಮೌಲ್ಯವೇ ಇಲ್ಲ. ಹಿಂದಿನ ದಿನ ಪ್ಲಸ್‌ನ ಗದ್ದಲದಲ್ಲಿ ಇದನ್ನು ಯಾರೋ ಅರ್ಧ ವಿಳಾಸ ನಕಲಿಸಿರಬೇಕು ಎಂದು ಬದಿಗಿಟ್ಟಿದ್ದೆ. ನಕಲಿಸುವ ತಪ್ಪಾದರೆ ಬಾಲ ತುಂಡಾಗಬೇಕು. ಇಲ್ಲಿ ಬಾಲ ಇತ್ತು, ಸಮ ಚಿಹ್ನೆ ಕಾಣೆಯಾಗಿತ್ತು. ಒಂದು ಉದಾಹರಣೆಯಲ್ಲಿ ‘ಟಿ=35’ ಎಂದು ಶುರುವಾಗಬೇಕಿದ್ದ ಜಾಗದಲ್ಲಿ ‘ಟಿ5’ ಎಂದಿತ್ತು. ಮೂರು ಚಿಹ್ನೆಗಳು ಹೋಗಿ ಒಂದು ಬಂದಿತ್ತು.

ಬಹಳ ಹೊತ್ತು ಅದನ್ನೇ ನೋಡುತ್ತ ಕುಳಿತೆ. ಹೆಕ್ಸಾಡೆಸಿಮಲ್‌ನಲ್ಲಿ 35 ಎಂದರೆ ಆಸ್ಕಿ ಪಟ್ಟಿಯಲ್ಲಿ (ಇಂಗ್ಲಿಷ್ ಅಕ್ಷರ, ಅಂಕೆ, ಚಿಹ್ನೆಗಳಿಗೆ ಕೊಟ್ಟ ಸಂಖ್ಯೆಗಳ ಪಟ್ಟಿಯಲ್ಲಿ) ‘5’ ಎಂಬ ಅಂಕೆ. ಅದು ಹೊಳೆದ ಕ್ಷಣದಲ್ಲಿ, ಯಾರೋ ಇದನ್ನು ಬಿಡಿಸಿ ಓದಿದ್ದಾರೆ ಎಂಬುದು ಖಚಿತವಾಯಿತು. ಸಮ ಚಿಹ್ನೆಯ ಮುಂದೆ ಎರಡು ಹೆಕ್ಸಾಡೆಸಿಮಲ್ ಅಂಕೆ ಬಂದರೆ ಒಂದು ಬೈಟ್ ಎಂದು ಓದುವ ಪದ್ಧತಿ ಇಮೇಲ್ ಲೋಕದಲ್ಲಿ ಒಂದೇ: ಕೋಟೆಡ್-ಪ್ರಿಂಟಬಲ್. ಆಸ್ಕಿಗೆ ಹೊರತಾದ ಅಕ್ಷರಗಳನ್ನು ಹಳೆಯ 7 ಬಿಟ್ ದಾರಿಗಳಲ್ಲೂ ಸುರಕ್ಷಿತವಾಗಿ ಸಾಗಿಸಲು ಮಾಡಿದ ವ್ಯವಸ್ಥೆ ಅದು. ಅದರ ಪ್ರಕಾರ ಬರೆಯುವಾಗ ಯಾವ ಸಾಲೂ 76 ಅಕ್ಷರ ಮೀರಬಾರದು, ನಿಜವಾದ ಸಮ ಚಿಹ್ನೆಯನ್ನೂ ‘=3ಡಿ’ ಎಂದು ಬರೆಯಬೇಕು.

ನಾನು ಬರೆಯುತ್ತಿರಲಿಲ್ಲ. ಇಮೇಲ್ ಕಟ್ಟುವ ಕೋಡ್ ಈ ಅಪ್ಲಿಕೇಶನ್‌ನ ಅತಿ ಹಳೆಯ ಭಾಗ. ಶಿರೋಭಾಗದ ಸಾಲುಗಳನ್ನು ಅಲ್ಲಿ ಕೈಯಾರೆ ಒಂದರ ಕೆಳಗೊಂದು ಜೋಡಿಸಲಾಗಿದೆ. ಎಲ್ಲಿಂದಲೋ ನೋಡಿ ಬರೆದ ‘ಎನ್‌ಕೋಡಿಂಗ್: ಕೋಟೆಡ್-ಪ್ರಿಂಟಬಲ್’ ಎಂಬ ಘೋಷಣೆ ಅಲ್ಲಿತ್ತು. ಆದರೆ ಕೆಳಗಿನ ಪಠ್ಯ ಹಸಿಯಾಗಿಯೇ ಹೋಗುತ್ತಿತ್ತು. ಡಬ್ಬಿಯ ಮೇಲೆ ಉಪ್ಪು ಎಂದು ಬರೆದು ಒಳಗೆ ಸಕ್ಕರೆ ತುಂಬಿದಂತೆ. ಹೆಚ್ಚಿನ ಪಠ್ಯದಲ್ಲಿ ಸಮ ಚಿಹ್ನೆಯೇ ಇಲ್ಲದಿದ್ದರಿಂದ ವರ್ಷಗಟ್ಟಲೆ ಯಾರಿಗೂ ತಿಳಿಯಲಿಲ್ಲ. ಟೋಕನ್ ವಿಳಾಸದ ಹಾದಿಯಲ್ಲಿ ಇದ್ದಷ್ಟು ಕಾಲ ಲಿಂಕ್‌ನಲ್ಲೂ ಸಮ ಚಿಹ್ನೆ ಇರಲಿಲ್ಲ. ಓರೆಗೆರೆಗೆ ಹೆದರಿ ನಾನು ಟೋಕನ್ನನ್ನು ಸಮ ಚಿಹ್ನೆಯ ಮುಂದೆ ತಂದು ಕೂರಿಸಿದಾಗ ಆ ಹಳೆಯ ಸುಳ್ಳು ಘೋಷಣೆಗೆ ಜೀವ ಬಂತು.

ಸುಳಿವು ಕಣ್ಣೆದುರೇ ಇತ್ತು ಎಂಬುದು ಇನ್ನೂ ಕಾಡುತ್ತಿದೆ. ಇಮೇಲ್‌ನ ಎಚ್‌ಟಿಎಂಎಲ್ ರೂಪದಲ್ಲಿ ಒಂದು ಚೌಕಟ್ಟಿನ ಅಗಲವನ್ನು ಉದ್ಧರಣ ಚಿಹ್ನೆಗಳಿಲ್ಲದೆ ‘=600’ ಎಂದು ಬರೆದಿತ್ತು. ಅದರಲ್ಲಿ ‘=60’ ಎಂಬುದು ಒಂದು ಬೈಟ್ ಆಗಿ ಬಿಚ್ಚಿಕೊಂಡು, ಅಗಲದ ಸೂಚನೆಯೇ ಅರ್ಥ ಕಳೆದುಕೊಳ್ಳುತ್ತಿತ್ತು. ಚೌಕಟ್ಟು ಸೊಟ್ಟಗೆ ಕಾಣುತ್ತದೆ ಎಂದು ಬಳಗದವರೊಬ್ಬರು ಬಹಳ ಹಿಂದೆಯೇ ಹೇಳಿದ್ದರು. ಅಲಂಕಾರದ ವಿಷಯವೆಂದು ನಾನು ಅದನ್ನು ಮುಂದೂಡಿದ್ದೆ.

ಎಲ್ಲ ಟೋಕನ್‌ಗಳೂ ಕೆಡುತ್ತಿರಲಿಲ್ಲ. ಮೊದಲ ಎರಡು ಅಕ್ಷರಗಳೂ ಹೆಕ್ಸಾಡೆಸಿಮಲ್ ಅಂಕೆಗಳಾಗಿದ್ದರೆ ಮಾತ್ರ. ಹತ್ತು ಅಂಕೆ, ‘ಎ’ಯಿಂದ ‘ಎಫ್’ವರೆಗೆ ಆರು ದೊಡ್ಡ ಅಕ್ಷರ, ಆರು ಚಿಕ್ಕ ಅಕ್ಷರ ಸೇರಿ 64ರಲ್ಲಿ 22. ಮೊದಲೆರಡು ಅಕ್ಷರಗಳ ಜೋಡಿಗಳು ಒಟ್ಟು 4096. ಅಷ್ಟೇ ಇರುವಾಗ ಯಾದೃಚ್ಛಿಕವಾಗಿ ಏಕೆ ಪರೀಕ್ಷಿಸಬೇಕು? ಒಂದೊಂದು ಜೋಡಿಯಿಂದಲೂ ಶುರುವಾಗುವ ಟೋಕನ್ ಮಾಡಿದೆ. ಅದನ್ನಿಟ್ಟು ಇಮೇಲ್ ಕಟ್ಟಿ, ಬೈಟ್‌ಗಳಾಗಿಸಿ, ಪೈಥಾನ್‌ನದೇ ಇಮೇಲ್ ಓದುಗದಿಂದ ಬಿಡಿಸಿ, ಒಳಗಿನ ಲಿಂಕ್ ಮೂಲದೊಂದಿಗೆ ಹೊಂದುತ್ತದೆಯೇ ಎಂದು ನೋಡುವ ಪರೀಕ್ಷೆ ಬರೆದೆ. ಹಳೆಯ ಕೋಡ್‌ನಲ್ಲಿ 484 ಸೋತವು. 22ರ ವರ್ಗ 484. ಲೆಕ್ಕ ಮತ್ತು ಯಂತ್ರ ಎರಡೂ ಒಂದೇ ಸಂಖ್ಯೆ ಹೇಳಿದಾಗ ಆಗುವ ನೆಮ್ಮದಿಯನ್ನು ಈ ಕೆಲಸ ಮಾಡುವವರೆಲ್ಲ ಬಲ್ಲರು. ನೂರಕ್ಕೆ ಹನ್ನೆರಡರ ಹತ್ತಿರ. ಮಾನಕದ ಪ್ರಕಾರ ಬರೆಯುವಾಗ ದೊಡ್ಡ ಅಕ್ಷರಗಳನ್ನಷ್ಟೇ ಬಳಸಬೇಕಾದ್ದರಿಂದ, ಕಟ್ಟುನಿಟ್ಟಾಗಿ ಓದುವ ತಂತ್ರಾಂಶಗಳಲ್ಲಿ ಇದು ನೂರಕ್ಕೆ ಆರಕ್ಕೆ ಇಳಿಯುತ್ತದೆ. ಒಂದೇ ಇಮೇಲ್ ಒಬ್ಬರಲ್ಲಿ ಕೆಲಸ ಮಾಡಿ ಇನ್ನೊಬ್ಬರಲ್ಲಿ ಕೆಡಲು ಇದೂ ಒಂದು ಕಾರಣ.

ಕೈಯಾರೆ ಕಟ್ಟಿದ ಶಿರೋಭಾಗವನ್ನು ಪೂರ್ತಿ ಕಿತ್ತೆಸೆದೆ. ಪೈಥಾನ್‌ನ ‘ಇಮೇಲ್‌ಮೆಸೇಜ್’ ವಸ್ತುವಿಗೆ ಪಠ್ಯವನ್ನೂ ಎಚ್‌ಟಿಎಂಎಲ್ ರೂಪವನ್ನೂ ಒಪ್ಪಿಸಿದರೆ ಎನ್‌ಕೋಡಿಂಗ್ ಅದೇ ಆರಿಸುತ್ತದೆ, ಅದೇ ಘೋಷಿಸುತ್ತದೆ, ಅದೇ ಪಾಲಿಸುತ್ತದೆ. ಘೋಷಿಸುವ ಕೈ ಮತ್ತು ಪಾಲಿಸುವ ಕೈ ಒಂದೇ ಆಗಿರಬೇಕು. 4096 ಇಮೇಲ್‌ಗಳೂ ಸರಿಯಾಗಿ ಮರಳಿದವು. ಆ ಪರೀಕ್ಷೆ ಈಗ ಪ್ರತಿ ಬದಲಾವಣೆಗೂ ತಾನಾಗಿ ಓಡುತ್ತದೆ. ಸೊಟ್ಟ ಚೌಕಟ್ಟು ಕೂಡ ನೆಟ್ಟಗಾಯಿತು.

ಮನುಷ್ಯರಿಗಿಂತ ಮೊದಲು ಒತ್ತಿದವರು

ಮೇಲಿನ ಎರಡೂ ಹೊಸ ಗಾಯಗಳು. ಹಳೆಯದು ಆಮೇಲೆ ಕಂಡಿತು.

‘ಬಳಸಿ ಆಗಿದೆ’ ಎಂದು ಸೋತವರ ಸಾಲುಗಳಲ್ಲಿ ಒಂದು ವಿಚಿತ್ರವಿತ್ತು. ಇಮೇಲ್ ಒಪ್ಪಿಸಿ ನಾಲ್ಕೈದು ಸೆಕೆಂಡಿಗೆ ಲಿಂಕ್ ಒತ್ತಲಾಗಿದೆ, ಖಾತೆ ಸಕ್ರಿಯವಾಗಿದೆ. ಹತ್ತು ಹದಿನೈದು ನಿಮಿಷದ ನಂತರ ಬೇರೆ ಐಪಿ ವಿಳಾಸದಿಂದ ಅದೇ ಬೆರಳಚ್ಚು ಮತ್ತೆ ಬಂದು ಸೋತಿದೆ. ನಾಲ್ಕು ಸೆಕೆಂಡಿನಲ್ಲಿ ಯಾರೂ ಇಮೇಲ್ ತೆರೆದು, ಓದಿ, ಒತ್ತುವುದಿಲ್ಲ. ಆ ಖಾತೆಗಳ ವಿಳಾಸಗಳೆಲ್ಲ ಉದ್ಯೋಗ ಸ್ಥಳಗಳ ಇಮೇಲ್‌ಗಳು. ಅಂಥ ಕಡೆ ಒಳಬರುವ ಇಮೇಲ್‌ನ ಲಿಂಕ್‌ಗಳನ್ನು ಓದುವವರಿಗಿಂತ ಮೊದಲು ಒಂದು ಭದ್ರತಾ ತಂತ್ರಾಂಶ ತೆರೆದು ನೋಡುತ್ತದೆ, ಅಲ್ಲಿ ಮೋಸದ ಪುಟವಿದೆಯೇ ಎಂದು. ಅದು ನೋಡಿದ ಮಾತ್ರಕ್ಕೆ ನನ್ನ ಒಂದೇ ಸಲದ ಟೋಕನ್ ಖರ್ಚಾಗುತ್ತಿತ್ತು. ನಿಜವಾದ ಓದುಗರು ಬಂದಾಗ ಖಾತೆ ಸಕ್ರಿಯವಾಗಿಯೇ ಇತ್ತು, ಆದರೂ ‘ಅಮಾನ್ಯ’ ಎಂಬ ಪುಟ ನೋಡಿ ಅವರು ಹಿಂದಿರುಗುತ್ತಿದ್ದರು. ಇದನ್ನು ಗ್ರಹಿಸಿದಾಗ ಬಹಳ ನೋವಾಯಿತು. ಬಾಗಿಲು ತೆರೆದೇ ಇತ್ತು, ಮುಚ್ಚಿದೆ ಎಂದು ಹೇಳಿ ಕಳಿಸಿದ್ದೆವು.

ಆ ತಂತ್ರಾಂಶಗಳನ್ನು ದೂರುವಂತಿಲ್ಲ. ವೆಬ್‌ನಲ್ಲಿ ‘ಗೆಟ್’ ಎಂಬ ಕೋರಿಕೆ ಸುರಕ್ಷಿತವಾದದ್ದು, ಓದುವುದಕ್ಕೆ ಮಾತ್ರ ಇರುವಂಥದ್ದು. 2022ರ ಆರ್‌ಎಫ್‌ಸಿ 9110 ಹೇಳುವುದೂ ಅದನ್ನೇ, ಅದಕ್ಕೂ ಹಿಂದಿನ ಮಾನಕಗಳು ಹೇಳಿದ್ದೂ ಅದನ್ನೇ. ಓದಲು ಬಂದವರನ್ನು ಸಹಿ ಹಾಕಿದವರೆಂದು ಎಣಿಸಿದ್ದು ನನ್ನ ಕೋಡ್.

ಬ್ರೌಸರ್ ಹೆಸರು ನೋಡಿ ಯಂತ್ರಗಳನ್ನು ತಡೆಯುವ ಯೋಚನೆ ಬಂತು, ಬಿಟ್ಟೆ. ಅವು ಸಾಮಾನ್ಯ ಬ್ರೌಸರ್‌ನ ಹೆಸರನ್ನೇ ಹೇಳಬಹುದು. ಪುಟ ತೆರೆದ ಕೂಡಲೇ ಜಾವಾಸ್ಕ್ರಿಪ್ಟ್ ಮೂಲಕ ಫಾರ್ಮ್ ತಾನಾಗಿ ಸಲ್ಲಿಕೆಯಾಗುವಂತೆ ಮಾಡಬಹುದೇ ಎಂದೂ ಯೋಚಿಸಿದೆ. ಕೆಲವು ಪರಿಶೀಲಕಗಳು ಪುಟವನ್ನು ನಿಜವಾದ ಬ್ರೌಸರ್‌ನಲ್ಲೇ ಓಡಿಸಿ ನೋಡುವುದರಿಂದ ಅದೂ ಸಲ್ಲದು. ಉಳಿದದ್ದು ಸರಳ ದಾರಿ. ಲಿಂಕ್ ತೆರೆದರೆ ಒಂದು ಪುಟ, ಅದರಲ್ಲಿ ‘ನನ್ನ ಖಾತೆಯನ್ನು ಸಕ್ರಿಯಗೊಳಿಸಿ’ ಎಂಬ ಬಟನ್. ಬಟನ್ ಒತ್ತಿದಾಗ ‘ಪೋಸ್ಟ್’ ಎಂಬ, ಏನನ್ನಾದರೂ ಸಲ್ಲಿಸಲು ಇರುವ ಕೋರಿಕೆ ಹೋಗುತ್ತದೆ, ಆಗ ಮಾತ್ರ ಟೋಕನ್ ಬಳಕೆಯಾಗುತ್ತದೆ. ಓದುಗರಿಗೆ ಒಂದು ಒತ್ತು ಹೆಚ್ಚಾಯಿತು ನಿಜ. ಆ ಒಂದು ಒತ್ತು ಮನುಷ್ಯರದೇ ಆಗಿರುತ್ತದೆ ಎಂಬ ಭರವಸೆ ಅದಕ್ಕಿಂತ ದೊಡ್ಡದು.

ಎರಡನೆಯ ಸಲ ಒತ್ತಿದರೂ ಈಗ ದೋಷದ ಪುಟ ಬರುವುದಿಲ್ಲ. ಖಾತೆ ಈಗಾಗಲೇ ಸಕ್ರಿಯವಾಗಿದೆ, ಒಳಗೆ ಬನ್ನಿ ಎಂದು ಲಾಗಿನ್ ಪುಟಕ್ಕೆ ಕರೆದೊಯ್ಯುತ್ತದೆ. ಎರಡು ಸಲ ಒತ್ತುವವರು ಬಹಳ ಮಂದಿ ಇರುತ್ತಾರೆ, ಅದು ಯಾರ ತಪ್ಪೂ ಅಲ್ಲ.

ಇದೇ ಕೋಡ್ ಓದುವಾಗ ದೂರಿಗೆ ಸಂಬಂಧವಿಲ್ಲದ, ಆದರೆ ಬಿಟ್ಟುಹೋಗಲಾರದ ಇನ್ನೊಂದು ವಿಷಯ ಕಣ್ಣಿಗೆ ಬಿತ್ತು. ಲಿಂಕ್‌ನ ಮೊದಲ ಭಾಗವನ್ನು, ಅಂದರೆ ಡೊಮೈನ್ ಹೆಸರನ್ನು, ಬಂದ ಕೋರಿಕೆಯ ‘ಹೋಸ್ಟ್’ ಶಿರೋನಾಮೆಯಿಂದಲೇ ತೆಗೆದುಕೊಳ್ಳಲಾಗುತ್ತಿತ್ತು. ಆ ಶಿರೋನಾಮೆಯನ್ನು ಕಳಿಸುವವರು ತಮಗೆ ಬೇಕಾದಂತೆ ಬರೆಯಬಹುದು. ದುರುದ್ದೇಶವಿರುವವರು ಇನ್ನೊಬ್ಬರ ಇಮೇಲ್ ವಿಳಾಸ ಕೊಟ್ಟು, ‘ಹೋಸ್ಟ್’ನಲ್ಲಿ ತಮ್ಮ ಡೊಮೈನ್ ಬರೆದರೆ, ನಮ್ಮದೇ ಹೆಸರಿನ ಇಮೇಲ್‌ನಲ್ಲಿ ಅವರ ಲಿಂಕ್ ಹೋಗುತ್ತದೆ. ಡೊಮೈನನ್ನು ಈಗ ಸೆಟ್ಟಿಂಗ್ಸ್ ಕಡತದಲ್ಲಿ ಬರೆದಿಟ್ಟಿದ್ದೇನೆ, ಬೇರೆ ಎಲ್ಲಿಂದಲೂ ಬರುವುದಿಲ್ಲ. ಸಕ್ರಿಯಗೊಳಿಸುವ ಪುಟಕ್ಕೆ ‘ರೆಫರರ್ ಬೇಡ’ (ಈ ಪುಟದ ವಿಳಾಸವನ್ನು ಬೇರೆ ತಾಣಗಳಿಗೆ ಹೇಳಬೇಡ), ‘ಸಂಗ್ರಹಿಸಿಡಬೇಡ’ ಎಂದು ಬ್ರೌಸರ್‌ಗೆ ಹೇಳುವ ಎರಡು ಶಿರೋನಾಮೆಗಳನ್ನೂ ಸೇರಿಸಿದೆ. ವೆಬ್ ಸರ್ವರ್‌ನ ಲಾಗ್‌ನಲ್ಲಿ ಟೋಕನ್ ಪೂರ್ತಿಯಾಗಿ ಬೀಳುತ್ತಿತ್ತು, ಅದನ್ನೂ ಮರೆಮಾಡಿದೆ.

ಬೆರಳಚ್ಚು ಕಳಿಸಿದ ಪಟ್ಟಿಯಲ್ಲಿದ್ದೂ ಡೇಟಾಬೇಸ್‌ನಲ್ಲಿ ಇಲ್ಲದ ಎರಡು ಪ್ರಕರಣಗಳು ಸಿಕ್ಕವು. ನೋಂದಣಿಯ ವಹಿವಾಟು (ಒಟ್ಟಿಗೇ ಉಳಿಯುವ ಇಲ್ಲವೇ ಒಟ್ಟಿಗೇ ರದ್ದಾಗುವ ಬದಲಾವಣೆಗಳ ಕಂತೆ) ಡೇಟಾಬೇಸ್‌ನಲ್ಲಿ ಪಕ್ಕಾ ಆಗುವ ಮೊದಲೇ ಇಮೇಲ್ ಹೊರಟುಬಿಡುತ್ತಿತ್ತು. ಆಮೇಲೆ ಬಳಕೆದಾರ ಹೆಸರು ಬೇರೊಬ್ಬರದೆಂದು ವಹಿವಾಟು ರದ್ದಾದರೆ ಟೋಕನ್‌ನ ಸಾಲೂ ಅದರೊಂದಿಗೆ ಹೋಗುತ್ತಿತ್ತು. ಹೊರಟ ಇಮೇಲ್ ಮಾತ್ರ ಹಿಂದೆ ಬರುವುದಿಲ್ಲ. ಈಗ ಕಳಿಸಬೇಕಾದ ಇಮೇಲ್ ಅದೇ ವಹಿವಾಟಿನಲ್ಲಿ ಒಂದು ‘ಹೊರಹೋಗುವ ಪೆಟ್ಟಿಗೆ’ ಕೋಷ್ಟಕಕ್ಕೆ ಬೀಳುತ್ತದೆ. ಪಕ್ಕಾ ಆದ ಮೇಲೆ ಇನ್ನೊಂದು ಪ್ರಕ್ರಿಯೆ ಅದನ್ನು ಎತ್ತಿಕೊಂಡು ಕಳಿಸುತ್ತದೆ.

ಹಿರಿಯರ ಲಿಂಕ್

ಇಷ್ಟಾದರೂ ಆ ಹಿರಿಯರ ಖಾತೆ ಸಕ್ರಿಯವಾಗಿರಲಿಲ್ಲ. ಅವರ ವಿಳಾಸ ಉದ್ಯೋಗ ಸ್ಥಳದ್ದಲ್ಲ. ಎರಡನೆಯ ದಿನದ ಅವರ ಪ್ರಯತ್ನದಲ್ಲಿ ಟೋಕನ್‌ನ ಒಂದಕ್ಷರವೂ ಕೆಟ್ಟಿರಲಿಲ್ಲ. ಬೆರಳಚ್ಚು ನಾಲ್ಕೂ ಕಡೆ ಒಂದೇ. ಹಾಗಾದರೆ ಉಳಿದದ್ದು ಸಮಯ ಮತ್ತು ಕ್ರಮ.

ಇಮೇಲ್ ಸರ್ವರ್‌ನ ಲಾಗ್ ತೆರೆದೆ. ಮೊದಲೇ ತೆರೆಯಬೇಕಿತ್ತು. ‘ಒಪ್ಪಿಸಿದೆ’ ಎಂದು ನನ್ನ ಅಪ್ಲಿಕೇಶನ್ ಬರೆದದ್ದು ನಮ್ಮದೇ ಸರ್ವರ್‌ಗೆ ಒಪ್ಪಿಸಿದ್ದನ್ನು, ಅವರ ಪೆಟ್ಟಿಗೆಗೆ ತಲುಪಿದ್ದನ್ನಲ್ಲ. ಅವರ ಕಡೆಯ ಸರ್ವರ್ ಪ್ರತಿ ಸಲವೂ ಮೊದಲು 451 ಎಂಬ ಉತ್ತರ ಕೊಟ್ಟಿತ್ತು: ಈಗ ಬೇಡ, ಆಮೇಲೆ ಬಾ. ಗ್ರೇಲಿಸ್ಟಿಂಗ್ ಎನ್ನುತ್ತಾರೆ ಇದಕ್ಕೆ. ಪರಿಚಯವಿಲ್ಲದ ಕಳುಹಿಸುವವರನ್ನು ಮೊದಲ ಸಲ ತಾತ್ಕಾಲಿಕವಾಗಿ ಹಿಂದಿರುಗಿಸುವುದು. ಕಸದ ಇಮೇಲ್ ಕಳಿಸುವವರು ಎರಡನೆಯ ಸಲ ಬರುವ ಗೋಜಿಗೆ ಹೋಗುವುದಿಲ್ಲ, ಸರಿಯಾದ ಸರ್ವರ್ ಮತ್ತೆ ಬರುತ್ತದೆ ಎಂಬುದು ಇದರ ತರ್ಕ. ನಮ್ಮ ಸರ್ವರ್ ಮತ್ತೆ ಪ್ರಯತ್ನಿಸುತ್ತಿತ್ತು, ಮೂವತ್ತು ನಿಮಿಷ ಬಿಟ್ಟು. ಇಮೇಲ್ ಸಾಗಣೆಯ ಮಾನಕವಾದ ಆರ್‌ಎಫ್‌ಸಿ 5321 ಕೂಡ ಸಾಮಾನ್ಯವಾಗಿ ಕನಿಷ್ಠ 30 ನಿಮಿಷದ ಅಂತರವನ್ನೇ ಸೂಚಿಸುತ್ತದೆ. ನನ್ನ ಲಿಂಕ್‌ನ ಆಯುಸ್ಸೂ ಮೂವತ್ತೇ ನಿಮಿಷ. ಲಿಂಕ್ ಅವರ ಪೆಟ್ಟಿಗೆಗೆ ತಲುಪುವ ಹೊತ್ತಿಗೆ ಅದರ ಕಾಲ ಮುಗಿದಿರುತ್ತಿತ್ತು.

ಇಮೇಲ್ ಬಾರದಿದ್ದಾಗ ಮನುಷ್ಯರು ಏನು ಮಾಡುತ್ತಾರೆ? ‘ಮತ್ತೆ ಕಳಿಸಿ’ ಒತ್ತುತ್ತಾರೆ. ಹಾಗೆ ಒತ್ತಿದಾಗಲೆಲ್ಲ ನನ್ನ ಕೋಡ್ ಹಿಂದಿನ ಟೋಕನ್ನನ್ನು ರದ್ದು ಮಾಡುತ್ತಿತ್ತು. ಆಮೇಲೆ ಎಲ್ಲ ಇಮೇಲ್‌ಗಳೂ ಒಟ್ಟಿಗೆ ಬಂದು ಬೀಳುತ್ತವೆ. ಅವರು ಮೊದಲನೆಯದರಿಂದ ಒಂದೊಂದಾಗಿ ತೆರೆಯುತ್ತಾರೆ. ಹಳೆಯವೆಲ್ಲ ರದ್ದಾದವು, ಕೊನೆಯದು ಅವಧಿ ಮೀರಿದ್ದು. ಅವರು ತಾಳ್ಮೆಯಿಂದ, ಕ್ರಮವಾಗಿ, ಮಾಡಬೇಕಾದದ್ದನ್ನೇ ಮಾಡಿದ್ದರು.

ಮೂವತ್ತು ನಿಮಿಷ ಎಂಬ ಸಂಖ್ಯೆ ಎಲ್ಲಿಂದ ಬಂತು ಎಂದು ನೆನಪಿಸಿಕೊಂಡೆ. ಪಾಸ್‌ವರ್ಡ್ ಬದಲಿಸುವ ಲಿಂಕ್‌ಗೆಂದು ಬರೆದ ಕೋಡನ್ನೇ ಇಲ್ಲಿಗೂ ಬಳಸಿದ್ದೆ. ಪಾಸ್‌ವರ್ಡ್ ಬದಲಿಸುವ ಲಿಂಕ್ ಪರರ ಕೈಗೆ ಸಿಕ್ಕರೆ ಇರುವ ಖಾತೆಯೇ ಹೋಗುತ್ತದೆ, ಅದು ಬೇಗ ಸಾಯುವುದು ಒಳ್ಳೆಯದು. ಇನ್ನೂ ಖಾಲಿಯಾಗಿರುವ ಹೊಸ ಖಾತೆಯ ಲಿಂಕ್‌ಗೆ ಅಷ್ಟು ಆತುರ ಬೇಡ. ಈಗ ಅದರ ಅವಧಿ 48 ಗಂಟೆ. ‘ಮತ್ತೆ ಕಳಿಸಿ’ ಒತ್ತಿದರೆ ಹಿಂದಿನವು ರದ್ದಾಗುವುದಿಲ್ಲ, ಒಂದು ಖಾತೆಗೆ ಗರಿಷ್ಠ ಐದು ಟೋಕನ್‌ಗಳು ಏಕಕಾಲಕ್ಕೆ ಬದುಕಿರಬಹುದು. ಯಾವುದೇ ಒಂದು ಬಳಕೆಯಾದರೆ ಉಳಿದವು ಮುಗಿಯುತ್ತವೆ. ಎರಡು ಕೋರಿಕೆಗಳ ನಡುವೆ ಎರಡು ನಿಮಿಷದ ಅಂತರ ಇಟ್ಟೆ. ನೋಂದಣಿಯ ನಂತರದ ಪುಟದಲ್ಲಿ ಇಮೇಲ್ ತಲುಪಲು ಕೆಲವೊಮ್ಮೆ ಒಂದು ಗಂಟೆಯಾಗಬಹುದು, ಯಾವ ಲಿಂಕ್ ಒತ್ತಿದರೂ ಆಗುತ್ತದೆ ಎಂದು ಬರೆದೆ. ದೋಷದ ಪುಟಗಳನ್ನೂ ಒಂದೊಂದಾಗಿ ಹೊಸದಾಗಿ ಬರೆದೆ. ಅವಧಿ ಮೀರಿದ್ದರೆ ಹಾಗೆಂದೇ ಹೇಳಿ, ಅಲ್ಲೇ ಹೊಸ ಲಿಂಕ್ ತರಿಸಿಕೊಳ್ಳುವ ಬಟನ್ ಇಟ್ಟೆ. ಲಿಂಕ್ ದಾರಿಯಲ್ಲಿ ಕೆಟ್ಟಿದ್ದರೆ ಅದು ಓದುಗರ ತಪ್ಪಲ್ಲವೆಂದು ಸ್ಪಷ್ಟವಾಗಿ ಬರೆದೆ.

ಬಾಗಿಲಲ್ಲಿ ಉಳಿದವರು

ಹಿಂದಿನ ವಾರಗಳಲ್ಲಿ ಸಿಕ್ಕಿಬಿದ್ದವರನ್ನು ಏನು ಮಾಡುವುದು? ಡೇಟಾಬೇಸ್‌ನಲ್ಲಿ ಒಂದೇ ಸಾಲಿನ ಆಜ್ಞೆಯಿಂದ ಎಲ್ಲರನ್ನೂ ಸಕ್ರಿಯಗೊಳಿಸಬಹುದಿತ್ತು. ಬಳಗದಲ್ಲಿ ಒಬ್ಬರು ಹಾಗೆ ಸೂಚಿಸಿದರು ಕೂಡ. ನಾನು ಒಪ್ಪಲಿಲ್ಲ. ಆ ಲಿಂಕ್ ಇರುವುದೇ ವಿಳಾಸ ನೋಂದಾಯಿಸಿಕೊಂಡವರದೇ ಎಂದು ತಿಳಿಯಲು. ಒಂದಕ್ಷರ ತಪ್ಪಾಗಿ ಟೈಪ್ ಮಾಡಿದವರ ಖಾತೆ ಸಕ್ರಿಯವಾದರೆ, ಅವರು ಎರವಲು ಪಡೆದ ಪುಸ್ತಕಗಳ ವಿವರವೆಲ್ಲ ಇನ್ಯಾರದೋ ಪೆಟ್ಟಿಗೆಗೆ ಹೋಗುತ್ತದೆ. ಅದರ ಬದಲು ಆ ಮೂರು ವಾರಗಳಲ್ಲಿ ನೋಂದಾಯಿಸಿಕೊಂಡು ಹೊರಗುಳಿದ ಪ್ರತಿಯೊಬ್ಬರಿಗೂ ಒಂದೇ ಒಂದು ಇಮೇಲ್ ಕಳಿಸಿದೆ. ತಪ್ಪು ನಮ್ಮದು, ನಿಮ್ಮದಲ್ಲ, ಹೊಸ ಲಿಂಕ್ ಇಲ್ಲಿದೆ, ಬೇಡವಾದರೆ ಸುಮ್ಮನಿರಿ, ಮತ್ತೆ ಬರೆಯುವುದಿಲ್ಲ ಎಂದು. ಎಲ್ಲವನ್ನೂ ಒಂದೇ ಸಲ ಕಳಿಸದೆ ಗಂಟೆಗೆ ಕೆಲವೇ ಹೋಗುವಂತೆ ಮಾಡಿದೆ. ಒಮ್ಮೆಗೇ ನುಗ್ಗಿದರೆ ಆಚೆಯ ಸರ್ವರ್‌ಗಳು ಅನುಮಾನಿಸುವುದು ಸಹಜ.

ಆ ಹಿರಿಯರಿಗೆ ಮಾತ್ರ ಪ್ರತ್ಯೇಕವಾಗಿ ಬರೆದೆ. ಆರು ಸಲವೂ ಅವರು ಸರಿಯಾಗಿಯೇ ಒತ್ತಿದ್ದರು ಎಂಬುದನ್ನು, ಪ್ರತಿ ಸಲವೂ ಎಲ್ಲಿ ಏನಾಯಿತು ಎಂಬ ವಿವರದೊಂದಿಗೆ ತಿಳಿಸಿದೆ. ಮಧ್ಯಾಹ್ನ ಲಾಗ್‌ನಲ್ಲಿ ಅವರ ಟೋಕನ್‌ನ ಬೆರಳಚ್ಚು ಹುಟ್ಟಿತು, ಇಮೇಲ್‌ಗೆ ಸೇರಿತು, ಸರ್ವರ್‌ಗೆ ಹೋಯಿತು. 451 ಬಂತು. ಮೂವತ್ತೊಂದು ನಿಮಿಷದ ನಂತರ ಆಚೆಯವರು ಸ್ವೀಕರಿಸಿದರು. ಸಂಜೆ ಏಳರ ಹೊತ್ತಿಗೆ ಅದೇ ಎಂಟು ಅಕ್ಷರಗಳು ಮರಳಿದವು. ಮೊದಲು ‘ಗೆಟ್’, ಮುಕ್ಕಾಲು ನಿಮಿಷದ ನಂತರ ‘ಪೋಸ್ಟ್’. ಆ ಮುಕ್ಕಾಲು ನಿಮಿಷ ಅವರು ಪುಟವನ್ನು ಪೂರ್ತಿ ಓದಿದ್ದಾರೆ.

ಇಮೇಲ್ ವಿಳಾಸ ಬದಲಿಸುವ ಲಿಂಕ್ ಇನ್ನೂ ಹಳೆಯ ಕೋಡ್‌ನಲ್ಲೇ ಇದೆ, ಅದೇ ಕೈಯಾರೆ ಕಟ್ಟಿದ ಶಿರೋಭಾಗದೊಂದಿಗೆ. 4096ರ ಪರೀಕ್ಷೆಯನ್ನು ಅದಕ್ಕೂ ಜೋಡಿಸಿದ್ದೇನೆ. ಈಗ ಅದು 484 ಸೋಲುಗಳನ್ನು ತೋರಿಸುತ್ತಿದೆ. ನಾಳೆ ಅದರ ಸರದಿ.